ಒಂದೇ ಸೂಪರ್‌ಮ್ಯಾನ್, ಎರಡು ಕಟ್: ನನ್ನ ಅನುಭವ

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ನನ್ನದೊಂದು ಸಣ್ಣ ಎಡಿಟಿಂಗ್ ರೂಮ್ ಇದೆ. ಜಾಸ್ತಿ ಬರುವುದು ಮದುವೆ ವಿಡಿಯೋ. ಕೆಲಸ ಕಲಿಯಲು ಬರುವ ಹುಡುಗರಿಗೆ ‘ಸೂಪರ್‌ಮ್ಯಾನ್ 2’ ಸಿನಿಮಾದ ಎರಡೂ ಕಟ್, ಅಂದರೆ ಬೇರೆ ಬೇರೆಯಾಗಿ ಎಡಿಟ್ ಆದ ಎರಡು ರೂಪ, ತೋರಿಸುತ್ತೇನೆ. ಡೈರೆಕ್ಟರ್ ಬದಲಾದರೆ ಕಥೆ ಏನಾಗುತ್ತದೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಡೈರೆಕ್ಟರ್ ರಿಚರ್ಡ್ ಡಾನರ್ 1978ರ ಮೊದಲ ಭಾಗದ ಜೊತೆಗೇ ಎರಡನೆಯದರ ದೊಡ್ಡ ಪಾಲನ್ನೂ ಶೂಟ್ ಮಾಡಿದ್ದರು. ನಿರ್ಮಾಪಕರ ಜೊತೆ ಹೊಂದಾಣಿಕೆಯಾಗಲಿಲ್ಲ. ಡಾನರ್ ಅವರನ್ನು ತೆಗೆದು, ರಿಚರ್ಡ್ ಲೆಸ್ಟರ್ ಕೈಲಿ ಮುಗಿಸಿ 1980ರಲ್ಲಿ ಬಿಡುಗಡೆ ಮಾಡಿದರು. ಡಾನರ್ ಕಟ್ ಬಂದದ್ದು 2006ರಲ್ಲಿ.

ಎರಡನ್ನೂ ಪಕ್ಕಪಕ್ಕ ಹಾಕಿ, ಪ್ರತಿ ಸೀನಿಗೂ ‘ಇದು ಯಾಕೆ ಆಯಿತು?’ ಅಂತ ಒಂದು ಸಾಲು ಬರೆಸುತ್ತೇನೆ. ಸುಮ್ನೆ ಯಾವುದು ಚೆನ್ನಾಗಿದೆ ಅಂದರೆ ಹುಡುಗರು ಫೈಟ್ ಬಿಟ್ಟು ಬೇರೆ ಮಾತಾಡುವುದಿಲ್ಲ.

ವಿಲನ್‌ಗಳು ಬಾಹ್ಯಾಕಾಶದಲ್ಲಿದ್ದ ಸೆರೆಯಿಂದ ತಪ್ಪಿಸಿಕೊಂಡದ್ದು ಯಾಕೆ? ಲೆಸ್ಟರ್ ಕಟ್‌ನಲ್ಲಿ ಐಫೆಲ್ ಟವರ್‌ನಲ್ಲಿದ್ದ ಬಾಂಬನ್ನು ಸೂಪರ್‌ಮ್ಯಾನ್ ಆಕಾಶಕ್ಕೆ ಒಯ್ದು ಎಸೆದದ್ದರಿಂದ. ಡಾನರ್ ಕಟ್‌ನಲ್ಲಿ, ಮೊದಲ ಭಾಗದಲ್ಲಿ ಅವನೇ ಆಕಾಶಕ್ಕೆ ತಳ್ಳಿದ ಕ್ಷಿಪಣಿಯಿಂದ. ಹಳೇ ಸಾಲ ಬಡ್ಡಿ ಸಮೇತ ಬಂದ ಹಾಗೆ.

ನಾನು ಹೆಚ್ಚು ಹೊತ್ತು ನಿಲ್ಲಿಸುವುದು ಸೂಪರ್‌ಮ್ಯಾನ್‌ನ ಅಪ್ಪ ಜೋರ್-ಎಲ್‌ನ ಸೀನ್‌ಗಳಲ್ಲಿ. ಜೋರ್-ಎಲ್ ಆಗಿ ಮಾರ್ಲನ್ ಬ್ರ್ಯಾಂಡೊ ನಟಿಸಿದ್ದ ಭಾಗಗಳನ್ನು 1980ರಲ್ಲಿ ಬಳಸಲಿಲ್ಲ. ಮಗನ ಜೊತೆ ಮಾತಾಡುವ ಕೆಲಸ ಅಮ್ಮನ ಪಾತ್ರಕ್ಕೆ ಬಂತು. ಅದರಲ್ಲಿ ತಪ್ಪೇನಿಲ್ಲ. ಆದರೆ ಶಕ್ತಿ ಕಳೆದುಕೊಂಡ ಮಗನಿಗೆ ಅದು ಮತ್ತೆ ಹೇಗೆ ಬಂತು ಅನ್ನೋದು ಅಲ್ಲಿ ಒಂದು ಹಸಿರು ಸ್ಫಟಿಕದ ಹತ್ತಿರವೇ ನಿಂತುಬಿಡುತ್ತದೆ. ಡಾನರ್ ಕಟ್‌ನಲ್ಲಿ ಅಪ್ಪ ತನ್ನಲ್ಲಿ ಉಳಿದ ಚೈತನ್ಯವನ್ನೆಲ್ಲ ಕೊಟ್ಟು ಇಲ್ಲವಾಗುತ್ತಾನೆ. ಹುಡುಗರು ‘ಯಾಕೆ’ ಕಾಲಂ ತುಂಬಲು ಒದ್ದಾಡದ ಜಾಗ ಇದು.

ಸೂಪರ್‌ಮ್ಯಾನ್ ಜನರ ನಡುವೆ ಕ್ಲಾರ್ಕ್ ಅನ್ನೋ ವರದಿಗಾರನ ವೇಷದಲ್ಲಿರುತ್ತಾನೆ. ಡಾನರ್ ಕಟ್‌ನಲ್ಲಿ ಜೊತೆಯ ವರದಿಗಾರ್ತಿ ಲೋಯಿಸ್ ಅವನ ಮೇಲೆ ಖಾಲಿ ಗುಂಡು ಹಾರಿಸಿ ಆ ಗುಟ್ಟು ಹೊರಗೆಳೆಯುವ ಸೀನ್‌ಗೆ ಹಳೆಯ ಸ್ಕ್ರೀನ್ ಟೆಸ್ಟ್ (ನಟರ ಆಯ್ಕೆಗೆ ಮಾಡಿದ ಪರೀಕ್ಷಾ ಶೂಟಿಂಗ್) ತುಣುಕುಗಳನ್ನೇ ಜೋಡಿಸಿದ್ದಾರೆ. ಶಾಟ್‌ನಿಂದ ಶಾಟ್‌ಗೆ ಕ್ಲಾರ್ಕ್‌ನ ಕೂದಲು, ಮೈಕಟ್ಟು ಬೇರೆ. ಆದರೂ ಸೀನ್ ಹಿಡಿದು ಕೂರಿಸುತ್ತದೆ, ಅಲ್ವಾ?

ಹಾಗಂತ ಡಾನರ್ ಕಟ್ ಪೂರ್ತಿ ಸರಿ ಅನ್ನಲಾರೆ. ಕಾಲವನ್ನು ಹಿಂದೆ ತಿರುಗಿಸುವ ಅಂತ್ಯ ಮೂಲತಃ ಎರಡನೇ ಭಾಗಕ್ಕೆ ಯೋಚಿಸಿದ್ದು. ಅದನ್ನು ಮೊದಲ ಭಾಗಕ್ಕೇ ಬಳಸಿಬಿಟ್ಟರು. ಇಲ್ಲಿ ಮತ್ತೆ ಅದೇ ಬಂದಾಗ ‘ನೋಡಿದ್ದೇವಲ್ಲ’ ಅನಿಸುತ್ತದೆ. ಒಬ್ಬ ಹುಡುಗ ಇನ್ನೂ ಮುಂದೆ ಹೋದ. ಶಕ್ತಿ ಇಲ್ಲದಾಗ ಕ್ಲಾರ್ಕ್‌ಗೆ ಹೋಟೆಲಲ್ಲಿ ಒಬ್ಬ ರೌಡಿ ಹೊಡೆದಿರುತ್ತಾನೆ. ಕಾಲ ಹಿಂದೆ ಹೋದ ಮೇಲೆ ಅವನು ಹೊಡೆದೇ ಇಲ್ಲ. ಮತ್ತೆ ಕ್ಲಾರ್ಕ್ ಹೋಗಿ ಸೇಡು ತೀರಿಸಿಕೊಳ್ಳುವುದು ಯಾಕೆ ಅಂದ. ಆ ಸೀನ್ ಮುಂದೆ ‘ಯಾಕೆ’ ಕಾಲಂ ಖಾಲಿ ಬಿಡು ಅಂದೆ.