ಎಲ್ಲಿ ಮನೆ ಮಾಡೋಣ? ಹೊಸದಾಗಿ ಬಂದ ಕುಟುಂಬಗಳಿಗೆ ಅಳೆದು ತೂಗುವ ದಾರಿ

ಪರದೇಶಕ್ಕೆ ಹೊಸದಾಗಿ ಬಂದವರಿಂದ ನಮ್ಮ ಕನ್ನಡ ಸಂಘಕ್ಕೆ ಬರುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ಯಾವ ಬಡಾವಣೆ ಒಳ್ಳೆಯದು?’ ಹತ್ತು ಸದಸ್ಯರನ್ನು ಕೇಳಿದರೆ ಹತ್ತು ಹೆಸರು ಹೇಳುತ್ತಾರೆ, ಒಬ್ಬೊಬ್ಬರೂ ತಾವಿರುವ ಬಡಾವಣೆಯದ್ದೇ. ಇದರಲ್ಲಿ ಮೋಸವೇನಿಲ್ಲ. ಸಾಲ ಮಾಡಿ ಕೊಂಡ ಮನೆಯನ್ನೂ ಅದರ ಬೀದಿಯನ್ನೂ ಯಾರು ತಾನೇ ಬಾಯಾರೆ ತೆಗಳುತ್ತಾರೆ? ಆದ್ದರಿಂದ ಯಾವುದು ಒಳ್ಳೆಯದು ಎಂದು ನಮ್ಮನ್ನು ಕೇಳಬೇಡಿ. ‘ಬೆಳಗ್ಗೆ ಏಳರಿಂದ ಒಂಬತ್ತರವರೆಗೆ ನಿಮ್ಮ ಮನೆಯಲ್ಲಿ ಏನೇನು ನಡೆಯುತ್ತದೆ?’ ಎಂದು ಕೇಳಿ. ಆ ಉತ್ತರದಲ್ಲಿ ಹೆಚ್ಚುಗಾರಿಕೆಗೆ ಜಾಗ ಕಡಿಮೆ.

ಒಂದು ಹಾಳೆಯ ನಡುವೆ ಗೆರೆ ಎಳೆದು ಒಂದು ಬದಿಗೆ ಲಾಭ, ಇನ್ನೊಂದು ಬದಿಗೆ ನಷ್ಟ ಬರೆಯುವ ಪದ್ಧತಿ ನಿಮಗೆ ಗೊತ್ತಿದ್ದದ್ದೇ. ಅದರ ಪ್ರಸಿದ್ಧ ವಿವರಣೆ ಹುಟ್ಟಿದ್ದೂ ಊರು ಬಿಡಬೇಕೇ ಬೇಡವೇ ಎಂಬ ಒಂದು ಕುಟುಂಬದ ಗೊಂದಲದಲ್ಲಿಯೇ. 1772ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಪಾದ್ರಿಯಾಗಿದ್ದ ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿಗೆ ಶೆಲ್ಬರ್ನ್ ಪ್ರಭುವಿನ ಬಳಿ ಹೊಸ ಕೆಲಸದ ಕರೆ ಬಂದಿತ್ತು. ಒಪ್ಪಿದರೆ ಹೆಂಡತಿ ಮಕ್ಕಳೊಂದಿಗೆ ದೂರದ ವಿಲ್ಟ್‌ಶೈರ್‌ಗೆ ಹೋಗಬೇಕಿತ್ತು. ಆತ ಗೆಳೆಯನಾದ ಅಮೆರಿಕದ ವಿಜ್ಞಾನಿ, ರಾಜಕಾರಣಿ ಬೆಂಜಮಿನ್ ಫ್ರಾಂಕ್ಲಿನ್‌ನ ಸಲಹೆ ಕೇಳಿದ. ಏನು ತೀರ್ಮಾನಿಸಬೇಕೆಂದು ಹೇಳುವಷ್ಟು ವಿವರ ತನ್ನ ಬಳಿಯಿಲ್ಲ, ಹೇಗೆ ತೀರ್ಮಾನಿಸಬೇಕೆಂದು ಬೇಕಾದರೆ ಹೇಳುತ್ತೇನೆ ಎಂದು ಫ್ರಾಂಕ್ಲಿನ್ ಬರೆದ. ಸಂಘದ ನಿಲುವೂ ಇದೇ.

ಫ್ರಾಂಕ್ಲಿನ್ ಹೇಳಿದ ಕ್ರಮದಲ್ಲಿ ಜನ ಮರೆಯುವ ಎರಡು ಅಂಶಗಳಿವೆ. ಒಂದು, ಪಟ್ಟಿಯನ್ನು ಒಂದೇ ಕೂತಲ್ಲಿ ಮುಗಿಸಬಾರದು. ಮೂರು ನಾಲ್ಕು ದಿನ ಹೊಳೆದದ್ದನ್ನೆಲ್ಲ ಬರೆಯುತ್ತ ಹೋಗಬೇಕು. ಎರಡು, ಸಾಲುಗಳನ್ನು ಎಣಿಸಬಾರದು, ತೂಗಬೇಕು. ಎರಡು ಕಡೆಯ ಒಂದೊಂದು ಕಾರಣ ಸಮತೂಕವೆನಿಸಿದರೆ ಎರಡನ್ನೂ ಹೊಡೆದು ಹಾಕಬೇಕು. ಒಂದು ಲಾಭ ಎರಡು ನಷ್ಟಗಳಿಗೆ ಸಮನಾದರೆ ಮೂರನ್ನೂ ಹೊಡೆದು ಹಾಕಬೇಕು. ಕೊನೆಗೆ ಉಳಿದದ್ದು ಯಾವ ಕಡೆಗಿದೆ ಎಂಬುದೇ ಉತ್ತರ. ಪ್ರೀಸ್ಟ್ಲಿ ಮರುವರ್ಷ ಹೊರಟ. 1774ರಲ್ಲಿ, ಮುಂದೆ ಆಮ್ಲಜನಕ ಎಂದು ಹೆಸರಾದ ಅನಿಲವನ್ನು ಹೊಸ ಜಾಗದಲ್ಲಿ ಬೇರ್ಪಡಿಸಿದ. ಹಾಗೆಂದು ಹಳೆಯ ಮನೆ ಕೆಟ್ಟದಾಗಿತ್ತು ಎನ್ನಲಾಗದು. ಲೀಡ್ಸ್‌ನಲ್ಲಿ ಪಕ್ಕದಲ್ಲಿದ್ದ ಬಿಯರ್ ತಯಾರಿಕೆಯ ಭಟ್ಟಿಯಿಂದ ಏಳುತ್ತಿದ್ದ ಅನಿಲವೇ ಅವನನ್ನು ಸೋಡಾ ನೀರಿನ ಪ್ರಯೋಗಕ್ಕೆ ಹಚ್ಚಿತ್ತು. ಎಲ್ಲ ನೆರೆಹೊರೆಯಿಂದಲೂ ಇಂಥ ಉಪಕಾರ ಆಗುವುದಿಲ್ಲ.

ತೂಕ ಹಾಕುವುದು ಹೇಗೆ ಎಂಬುದೇ ಕಷ್ಟದ ಭಾಗ. ನಾವು ಬಳಸುವ ತಕ್ಕಡಿ ಗಂಟೆಗಳದ್ದು. ಆ ಅನುಕೂಲ ಅಥವಾ ಅನನುಕೂಲ ವರ್ಷಕ್ಕೆ ಎಷ್ಟು ಗಂಟೆ, ಮತ್ತು ಯಾರ ಗಂಟೆ?

ಒಂದು ಲೆಕ್ಕ ನೋಡಿ. ದೊಡ್ಡ ಮನೆ ಸಿಗುತ್ತದೆಂದು ಕಚೇರಿಯಿಂದ ದೂರ ಹೋದಿರಿ, ಹೋಗುವಾಗ 25 ನಿಮಿಷ ಹೆಚ್ಚು, ಬರುವಾಗ 25 ನಿಮಿಷ ಹೆಚ್ಚು. ವರ್ಷಕ್ಕೆ 220 ದಿನ ಕೆಲಸವೆಂದರೆ 11,000 ನಿಮಿಷ, ಅಂದರೆ ಸುಮಾರು 183 ಗಂಟೆ. ಎಂಟು ಗಂಟೆಯ ದುಡಿಮೆಯ ದಿನಗಳಾಗಿ ಎಣಿಸಿದರೆ 23 ದಿನ. ಇದಕ್ಕೆ ಪ್ರತಿಯಾಗಿ ಸಿಕ್ಕಿದ್ದು, ವರ್ಷಕ್ಕೆ ಆರು ವಾರ ಬಂದಿರುವ ಅಪ್ಪ ಅಮ್ಮನಿಗೆಂದು ಒಂದು ಹೆಚ್ಚಿನ ಕೋಣೆ. ಅವರ ಆರು ವಾರ ನಿಮಗೆ ಅಷ್ಟು ಮುಖ್ಯವಾಗಿದ್ದರೆ ಖಂಡಿತ ಆ ಮನೆಯನ್ನೇ ಹಿಡಿಯಿರಿ. ಆದರೆ ಕೋಣೆಗೆ ಕೊಡುತ್ತಿರುವ ಬೆಲೆ ಬಾಡಿಗೆಯ ವ್ಯತ್ಯಾಸವಷ್ಟೇ ಅಲ್ಲ ಎಂಬುದು ಹಾಳೆಯ ಮೇಲೆ ಕಾಣಬೇಕು. ಜರ್ಮನಿಯ ಸಮೀಕ್ಷೆಗಳನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರಾದ ಅಲೋಯಿಸ್ ಸ್ಟುಟ್ಜರ್ ಮತ್ತು ಬ್ರೂನೊ ಫ್ರೈ ಕಂಡದ್ದೂ ಇದನ್ನೇ: ದೂರದಿಂದ ಓಡಾಡುವವರಿಗೆ ಸಿಗುವ ಹೆಚ್ಚಿನ ಸಂಬಳವಾಗಲಿ ಅಗ್ಗದ ಮನೆಯಾಗಲಿ ಆ ದಣಿವನ್ನು ಪೂರ್ತಿ ತುಂಬಿಕೊಡುವುದಿಲ್ಲ, ಅವರ ಬದುಕಿನ ತೃಪ್ತಿ ಸರಾಸರಿಯಾಗಿ ಕಡಿಮೆಯೇ.

ಇನ್ನು ‘ಯಾರ ಗಂಟೆ’ ಎಂಬುದು. ಹೊಸ ಕುಟುಂಬಗಳು ತಪ್ಪುವುದು ಹೆಚ್ಚಾಗಿ ಇಲ್ಲಿಯೇ. ಕೆಲಸ ಸಿಕ್ಕಿದವರು ಮೊದಲು ಬಂದು, ಕಚೇರಿಗೆ ಹತ್ತಿರವೋ ಹೆದ್ದಾರಿಗೆ ಹತ್ತಿರವೋ ಒಂದು ಮನೆ ಹಿಡಿದುಬಿಡುತ್ತಾರೆ. ಅವರು ಆ ಮನೆಯಲ್ಲಿ ಎಚ್ಚರವಾಗಿರುವುದು ದಿನಕ್ಕೆ ನಾಲ್ಕು ಐದು ಗಂಟೆ. ಜೊತೆಗೆ ಬಂದ ಹೆಂಡತಿ ಅಥವಾ ಗಂಡನಿಗೆ ಇನ್ನೂ ಕೆಲಸದ ಅನುಮತಿಯಿಲ್ಲ, ವಾಹನ ಪರವಾನಗಿಯಿಲ್ಲ, ಪರಿಚಯದವರಿಲ್ಲ. ದಿನಕ್ಕೆ ಹದಿನಾಲ್ಕು ಗಂಟೆ ಆ ನಾಲ್ಕು ಗೋಡೆಗಳು ಅವರ ಪಾಲಿಗೆ. ಕೈಗೂಸಿದ್ದರಂತೂ ಕೇಳುವುದೇ ಬೇಡ. ಸಂಘಕ್ಕೆ ಬರುವ ಕರೆಗಳಲ್ಲಿ ‘ಮನೆ ಚೆನ್ನಾಗಿದೆ, ಆದರೆ ಹೊರಗೆ ಕಾಲಿಡಲು ದಾರಿಯಿಲ್ಲ’ ಎಂಬ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹೇಳುವವರ ದನಿಯಲ್ಲಿ ದೂರಿಗಿಂತ ಸಂಕೋಚವೇ ಹೆಚ್ಚು, ಒಳ್ಳೆಯ ಮನೆಯಲ್ಲಿದ್ದುಕೊಂಡು ಬೇಸರವೆನ್ನುವುದು ತಪ್ಪೇನೋ ಎಂಬಂತೆ.

ಆದ್ದರಿಂದ ನನ್ನ ಖಚಿತ ಅಭಿಪ್ರಾಯ: ಮೊದಲ ಮನೆಯನ್ನು ಹಗಲಿಡೀ ಅಲ್ಲಿರುವವರ ಕಾಲ್ನಡಿಗೆಯಿಂದ ಅಳೆಯಿರಿ. ಕಾರಿಲ್ಲದೆ, ಮಗುವಿನ ತಳ್ಳುಗಾಡಿಯೊಂದಿಗೆ, ಹದಿನೈದು ನಿಮಿಷದಲ್ಲಿ ಏನೇನು ಮುಟ್ಟಬಹುದು? ದಿನಸಿ ಅಂಗಡಿ, ಔಷಧ ಅಂಗಡಿ, ಉದ್ಯಾನ, ಗ್ರಂಥಾಲಯ, ಬಸ್ ನಿಲ್ದಾಣ: ಇವುಗಳಲ್ಲಿ ಮೂರಾದರೂ ಸಿಗದ ಮನೆ ಎಷ್ಟೇ ಅಗ್ಗವಾಗಿದ್ದರೂ ಮೊದಲ ವರ್ಷಕ್ಕೆ ಬೇಡ. ಅಂತಿಮ ಹಾಳೆಯನ್ನು ಇಬ್ಬರೂ ಬೇರೆ ಬೇರೆ ಬರೆದು ಆಮೇಲೆ ಜೋಡಿಸಿ ನೋಡುವುದು ಒಳ್ಳೆಯದು. ಒಬ್ಬರು ಹೇಳಿ ಇನ್ನೊಬ್ಬರು ಬರೆದ ಪಟ್ಟಿ ಒಬ್ಬರದೇ ಪಟ್ಟಿ.

ಕನ್ನಡದವರು ಹತ್ತಿರವಿರುವ ಕಡೆ ಇರಬೇಕೇ? ಸಂಘದ ಕೈಪಿಡಿಯಲ್ಲಿ ಇದಕ್ಕೆ ‘ಹೌದು’ ಎಂದೇ ಉತ್ತರ ನಿರೀಕ್ಷಿಸುತ್ತೀರಿ. ಮೊದಲ ಆರು ತಿಂಗಳಿಗೆ ನಿಜಕ್ಕೂ ಹೌದು. ಮಗುವಿಗೆ ಜ್ವರ ಬಂದ ರಾತ್ರಿ ಬಾಗಿಲು ತಟ್ಟಲು ಒಂದು ಮನೆಯಿದ್ದರೆ ಅದರ ತೂಕವೇ ಬೇರೆ. ಆದರೆ ಇಡೀ ಬೀದಿಯೇ ನಮ್ಮವರಾದರೆ ಸ್ಥಳೀಯರ ಪರಿಚಯವೂ ಅಲ್ಲಿನ ಭಾಷೆಯೂ ತಡವಾಗುತ್ತವೆ, ಮನೆಯ ಸುದ್ದಿ ಮಾತ್ರ ಬೇಗ ಹರಡುತ್ತದೆ. ಒಂದೆರಡು ಕನ್ನಡ ಮನೆಗಳು ನಡೆದು ಹೋಗುವ ದೂರದಲ್ಲಿದ್ದರೆ ಸಾಕು.

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಗೆ ಮನಶ್ಶಾಸ್ತ್ರದಲ್ಲೂ ಆಧಾರವಿದೆ. ಡೇವಿಡ್ ಶ್ಕೇಡ್ ಮತ್ತು ಡೇನಿಯಲ್ ಕಾನೆಮನ್ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಿತವಾದ ಹವೆಯ ಕ್ಯಾಲಿಫೋರ್ನಿಯಾದ ವಿದ್ಯಾರ್ಥಿಗಳೂ ಚಳಿ ಹೆಚ್ಚಿರುವ ಅಮೆರಿಕದ ನಡುಭಾಗದ ವಿದ್ಯಾರ್ಥಿಗಳೂ ತಮ್ಮ ಬದುಕಿನ ಬಗ್ಗೆ ಹೆಚ್ಚುಕಡಿಮೆ ಒಂದೇ ಮಟ್ಟದ ತೃಪ್ತಿ ಹೇಳಿಕೊಂಡರು. ಆದರೆ ಕ್ಯಾಲಿಫೋರ್ನಿಯಾದವರೇ ಹೆಚ್ಚು ಸುಖಿಗಳಿರಬೇಕು ಎಂದು ಎರಡೂ ಕಡೆಯವರು ಊಹಿಸಿದ್ದರು. ಹೋಲಿಸುವಾಗ ಕಣ್ಣಿಗೆ ರಾಚುವ ಒಂದು ವ್ಯತ್ಯಾಸಕ್ಕೇ ಮನಸ್ಸು ಅಂಟಿಕೊಳ್ಳುತ್ತದೆ. ಕೆರೆಯ ನೋಟವಿರುವ ಬಾಲ್ಕನಿಯನ್ನು ಮೆಚ್ಚಿದ ದಿನವೇ ಮುಂಗಡ ಕೊಡಬೇಡಿ ಎನ್ನುವುದು ಇದಕ್ಕೇ. ನೋಟ ಮೂರು ವಾರದಲ್ಲಿ ರೂಢಿಯಾಗುತ್ತದೆ, ಬಸ್ಸಿಗಾಗಿ ಕಾಯುವುದು ರೂಢಿಯಾಗುವುದಿಲ್ಲ.

ಬಾಡಿಗೆಗೆ ಆದಾಯದ 30 ಶೇಕಡ ಮೀರಬಾರದು ಎಂಬ ಸೂತ್ರವನ್ನು ಎಲ್ಲರೂ ಹೇಳುತ್ತಾರೆ. ಅದು ಅರ್ಥಶಾಸ್ತ್ರದ ನಿಯಮವೇನಲ್ಲ. ಅಮೆರಿಕದಲ್ಲಿ ಸರ್ಕಾರಿ ವಸತಿಯ ಬಾಡಿಗೆಗೆ 1969ರಲ್ಲಿ ಆದಾಯದ ಕಾಲು ಭಾಗದ ಮಿತಿ ಹಾಕಿದ್ದರು, 1981ರಲ್ಲಿ ಅದನ್ನು 30 ಶೇಕಡಕ್ಕೆ ಏರಿಸಿದರು. ಅಲ್ಲಿಂದ ಅದು ಎಲ್ಲರ ಬಾಯಿಗೆ ಬಂತು. ನೀವು ಬಾಡಿಗೆ, ವಿದ್ಯುತ್, ನೀರು, ಚಳಿಗಾಲದ ಶಾಖದ ಖರ್ಚು, ವಾಹನ ನಿಲುಗಡೆ, ಓಡಾಟ ಇಷ್ಟನ್ನೂ ಒಟ್ಟುಗೂಡಿಸಿ ಎರಡು ಮನೆಗಳನ್ನು ಹೋಲಿಸಿ. ಅಗ್ಗದ ಮನೆಗೆ ಎರಡನೆಯ ಕಾರು ಬೇಕಾದರೆ ಅದು ಅಗ್ಗದ್ದಲ್ಲ.

ಶಾಲೆಯ ವಿಷಯ ಚುಟುಕಾಗಿ. ಪ್ರವೇಶ ವಿಳಾಸದ ಮೇಲೆ ನಿಂತಿದೆಯೇ, ಹಾಗಿದ್ದರೆ ಈ ಮನೆ ಸಂಖ್ಯೆ ಯಾವ ಶಾಲೆಯ ವ್ಯಾಪ್ತಿಗೆ ಬರುತ್ತದೆ, ನಡುವರ್ಷದಲ್ಲಿ ಸೀಟು ಇದೆಯೇ, ಅಣ್ಣ ತಂಗಿಗೆ ಒಂದೇ ಶಾಲೆ ಸಿಗುತ್ತದೆಯೇ ಎಂಬುದನ್ನು ಶಾಲೆಯಿಂದಲೇ ಬರಹದಲ್ಲಿ ಪಡೆಯಿರಿ; ಮನೆಯ ದಲ್ಲಾಳಿಯ ಮಾತು ಸಾಲದು. ಪರೀಕ್ಷೆಯ ಅಂಕಗಳನ್ನಷ್ಟೇ ನೋಡಿ ಕೊಟ್ಟ ಶ್ರೇಯಾಂಕಗಳು ಬೋಧನೆಯ ಗುಣಮಟ್ಟದಷ್ಟೇ ಪೋಷಕರ ಆದಾಯವನ್ನೂ ತೋರಿಸುತ್ತವೆ.

ಒಪ್ಪಂದಕ್ಕೆ ಮುಂಚೆ ಮನೆಯನ್ನು ಮೂರು ಹೊತ್ತಿನಲ್ಲಿ ನೋಡಿ: ವಾರದ ದಿನ ಬೆಳಗ್ಗೆ, ರಾತ್ರಿ ಹತ್ತರ ಮೇಲೆ, ಸಾಧ್ಯವಾದರೆ ಮಳೆ ಬಿದ್ದ ಮರುದಿನ. ನಿಲ್ದಾಣಕ್ಕೆ ಹತ್ತು ನಿಮಿಷ ಎಂದು ಜಾಹೀರಾತಿನಲ್ಲಿದ್ದರೆ ಮಗುವಿನ ಕೈ ಹಿಡಿದು ನೀವೇ ನಡೆದು ನೋಡಿ. ಒಂದೇ ಗೋಡೆಗೆ ಹೊಸ ಬಣ್ಣ ಬಳಿದಿದ್ದರೆ ತೇವವನ್ನು ಮುಚ್ಚಿರಬಹುದು. ಕೈಯಿಟ್ಟು ನೋಡಿ, ಮೂಲೆಗಳನ್ನು ಮೂಸಿ ನೋಡಿದರೂ ತಪ್ಪಿಲ್ಲ. ಚಳಿದೇಶದಲ್ಲಿ ಬಿಸಿಲು ಬೇಕೆನ್ನುವವರು ಉತ್ತರಾರ್ಧಗೋಳದಲ್ಲಿ ದಕ್ಷಿಣಕ್ಕೆ, ದಕ್ಷಿಣಾರ್ಧಗೋಳದಲ್ಲಿ ಉತ್ತರಕ್ಕೆ ಕಿಟಕಿಗಳಿರುವ ಮನೆ ಹುಡುಕಬೇಕು. ನೀವು ಅಥವಾ ನಂಬಿಕೆಯ ಒಬ್ಬರು ಖುದ್ದಾಗಿ ನೋಡದ ಮನೆಗೆ ಒಂದು ಕಾಸೂ ಕಳಿಸಬೇಡಿ. ಮಾಲೀಕರು ಪರಊರಿನಲ್ಲಿದ್ದಾರೆ, ಹಣ ಹಾಕಿದರೆ ಬೀಗದ ಕೈ ಅಂಚೆಯಲ್ಲಿ ಬರುತ್ತದೆ ಎನ್ನುವುದು ವಂಚಕರ ಹಳೆಯ ಕಥೆ. ಅದು ಈಗಲೂ ನಡೆಯುತ್ತಿದೆ.

ಮೊದಲ ಒಪ್ಪಂದ ಚಿಕ್ಕದಿರಲಿ, ಆರು ತಿಂಗಳು ಅಥವಾ ಒಂದು ವರ್ಷ. ಅವಧಿಗೆ ಮುಂಚೆ ಬಿಟ್ಟರೆ ಎಷ್ಟು ಕೊಡಬೇಕು, ಎಷ್ಟು ದಿನ ಮೊದಲು ತಿಳಿಸಬೇಕು, ಮುಂಗಡ ಯಾವಾಗ ಹಿಂದಿರುಗುತ್ತದೆ ಎಂಬ ಮೂರು ಸಾಲುಗಳನ್ನು ಓದದೆ ಸಹಿ ಹಾಕಬೇಡಿ. ಒಪ್ಪಂದದಲ್ಲಿ ಗಂಡ ಹೆಂಡತಿ ಇಬ್ಬರ ಹೆಸರೂ ಇರಲಿ. ಬ್ಯಾಂಕ್ ಖಾತೆಗೆ, ವಾಹನ ಪರವಾನಗಿಗೆ ವಿಳಾಸದ ಪುರಾವೆ ಇಬ್ಬರಿಗೂ ಬೇಕಾಗಬಹುದು. ಬೀಗದ ಕೈ ಸಿಕ್ಕ ದಿನ, ಪೆಟ್ಟಿಗೆಗಳನ್ನು ಒಳಗೆ ತರುವುದಕ್ಕೂ ಮುಂಚೆ, ಪ್ರತಿ ಕೋಣೆಯ ಗೋಡೆ, ನೆಲ, ನಲ್ಲಿ, ಒಲೆಗಳ ಫೋಟೊ ತೆಗೆದು ಅದೇ ದಿನ ಮಾಲೀಕರಿಗೆ ಇಮೇಲ್ ಮಾಡಿ. ಮನೆ ಬಿಡುವಾಗ ಹಳೆಯ ಗೀರುಗಳ ಲೆಕ್ಕ ನಿಮ್ಮ ಮುಂಗಡದ ಮೇಲೆ ಬೀಳುವುದಿಲ್ಲ.