ಮೇಲೂ ಕೆಂಡ, ಕೆಳಗೂ ಕೆಂಡ: ಬಲಿತ ಸೌತೆಕಾಯಿಯ ತವಸಳಿ

ಮಳೆಗಾಲದಲ್ಲಿ ಅಂಕೋಲೆ, ಕಾರವಾರದ ಸಂತೆಗೆ ಹಾಲಕ್ಕಿ ಸಮುದಾಯದ ಹೆಂಗಸರು ಬುಟ್ಟಿಗಟ್ಟಲೆ ಸೌತೆಕಾಯಿ ತರುತ್ತಾರೆ. ಎಳೆಯದೆಲ್ಲ ಕೋಸಂಬರಿಗೆಂದು ಬೇಗ ಖಾಲಿ. ಬಲಿತು ಹಳದಿಗೆ ತಿರುಗಿದ್ದು ಹಾಗೇ ಉಳಿದಿರುತ್ತದೆ ನೋಡಿ, ತವಸಳಿ ಎಂಬ ಸೌತೆಕಾಯಿಯ ಸಿಹಿ ಕೇಕಿಗೆ ಅದೇ ಬೇಕು. ಮೊಟ್ಟೆ, ಮೈದಾ, ಸೋಡಾ ಯಾವುದೂ ಬೇಡ. ಹಾಗಾಗಿ ಬೇಕರಿ ಕೇಕಿನಷ್ಟು ಹಗುರವಾಗಿ ಉಬ್ಬೀತು ಎಂದು ಕಾಯಬೇಡಿ.

ಬೇಕಾದ್ದು: ತುರಿದ ಸೌತೆಕಾಯಿ ಎರಡು ಕಪ್, ಅಕ್ಕಿ ತರಿ ಒಂದು ಕಪ್ (ಅಂಗಡಿಯ ಇಡ್ಲಿ ರವೆಯೂ ಆದೀತು), ಬೆಲ್ಲ ಮುಕ್ಕಾಲು ಕಪ್, ತೆಂಗಿನ ತುರಿ ಅರ್ಧ ಕಪ್, ತುಪ್ಪ ಎರಡು ಚಮಚ, ಏಲಕ್ಕಿ, ಗೇರುಬೀಜ, ಚಿಟಿಕೆ ಉಪ್ಪು.

ಹೆಚ್ಚುವಾಗಲೇ ತೊಟ್ಟಿನ ಕಡೆಯ ಒಂದು ಚೂರು ಬಾಯಿಗೆ ಹಾಕಿಕೊಳ್ಳಿ. ಕಹಿ ಮೊದಲು ಸಿಗುವುದು ಅಲ್ಲೇ. ಕಾಯಿಯೆಲ್ಲ ಕಹಿಯಾಗಿದ್ದರೆ ಎಸೆದುಬಿಡಿ. ಎಷ್ಟು ಬೆಲ್ಲ ಸುರಿದರೂ ಅದು ಅಡಗುವುದಿಲ್ಲ, ಹೊಟ್ಟೆಯೂ ಕೆಟ್ಟೀತು. ಸಿಪ್ಪೆ, ತಿರುಳು, ಬೀಜ ತೆಗೆದು ತುರಿಯಿರಿ. ತುರಿಯನ್ನು ಹಿಂಡಬೇಡಿ. ನೀರೂ ಹಾಕಬೇಡಿ. ತರಿ ಬೇಯಬೇಕಾದ್ದು ಸೌತೆಕಾಯಿಯ ರಸದಲ್ಲೇ.

ತರಿಯನ್ನು ತುಪ್ಪದಲ್ಲಿ ಘಮ್ಮೆನ್ನುವವರೆಗೆ ಹುರಿದಿಡಿ. ಬೇರೆ ಪಾತ್ರೆಯಲ್ಲಿ ಸೌತೆ ತುರಿ, ಬೆಲ್ಲ, ಉಪ್ಪು ಹಾಕಿ ಒಂದು ಕುದಿ ಬರಿಸಿ. ಅಚ್ಚು ಬೆಲ್ಲ ನಡೆಯುತ್ತದೆ, ಆದರೆ ಶಿರಸಿ ಕಡೆಯ ಜೋನಿ (ದ್ರವ) ಬೆಲ್ಲ ಸಿಕ್ಕರೆ ಬಿಡಬೇಡಿ. ಅದರ ಘಮವೇ ಬೇರೆ. ಕುದಿಯುವಾಗ ತರಿಯನ್ನು ಉದುರಿಸುತ್ತ ಕೈಯಾಡಿಸಿ, ಕಾಯಿತುರಿ, ಏಲಕ್ಕಿ ಸೇರಿಸಿ, ಒಲೆ ಆರಿಸಿ ಮುಚ್ಚಿಡಿ.

ಅರ್ಧ ಗಂಟೆ ಬಿಟ್ಟು ನೋಡಿ. ಮನೆಯ ಹಿರಿಯರು ‘ಅಂದಾಜು’ ಅನ್ನುತ್ತಾರಲ್ಲ, ಅದೆಲ್ಲ ಇರುವುದು ಇಲ್ಲಿ. ಸೌಟಿನಿಂದ ಎತ್ತಿದರೆ ಹಿಟ್ಟು ದಪ್ಪನಾಗಿ ಧೊಪ್ಪೆಂದು ಬೀಳಬೇಕು. ಸೌಟಿಗೇ ಅಂಟಿ ಕೂತರೆ ಇನ್ನಷ್ಟು ಸೌತೆ ತುರಿ ಬೆರೆಸಿ, ಹರಿಯುತ್ತಿದ್ದರೆ ಒಂದು ಹಿಡಿ ತರಿ. ಒಂದೊಂದು ಕಾಯಿಯ ರಸ ಒಂದೊಂದು ಥರ. ಕಪ್ಪಿನ ಲೆಕ್ಕವನ್ನೇ ನೆಚ್ಚಿ ಕೂತರೆ ಕೆಟ್ಟಿತು.

ಬಾಳೆಎಲೆಯನ್ನು ಬೆಂಕಿಗೆ ಹಿಡಿದು ಬಾಡಿಸಿ, ದಪ್ಪ ತಳದ ಪಾತ್ರೆಗೆ ಹಾಸಿ, ತುಪ್ಪ ಸವರಿ. ಅರಿಶಿನ ಎಲೆ ಇದ್ದರೆ ಅದನ್ನೂ ಇಡಿ. ಹಿಟ್ಟು ಸುರಿದು ಮೇಲೆ ಗೇರುಬೀಜ ಒತ್ತಿ. ಹಿಂದೆಲ್ಲ ಪಾತ್ರೆಯನ್ನು ಸಣ್ಣ ಕೆಂಡದ ಮೇಲಿಟ್ಟು, ಮುಚ್ಚಳದ ಮೇಲೂ ತೆಂಗಿನ ಕರಟದ ಕೆಂಡ ಹರಡುತ್ತಿದ್ದರು. ಬರೀ ತಳದ ಉರಿಯಾದರೆ ಅಡಿ ಸೀಯುತ್ತದೆ, ಮೇಲ್ಮೈ ಬಿಳಚಿಕೊಂಡೇ ಉಳಿಯುತ್ತದೆ. ಓವನ್ ಇದ್ದವರು ಮೇಲಿನ, ಕೆಳಗಿನ ಎರಡೂ ಕಾಯಿಲ್ ಹಾಕಿ 180 ಡಿಗ್ರಿಯಲ್ಲಿ 45ರಿಂದ 50 ನಿಮಿಷ ಬೇಯಿಸಿ. ನಡುವೆ ಚುಚ್ಚಿದ ಕಡ್ಡಿಗೆ ಹಸಿ ಹಿಟ್ಟು ಅಂಟಬಾರದು. ಇಡ್ಲಿ ಪಾತ್ರೆಯಲ್ಲಿ ಹಬೆಗೂ ಇಡಬಹುದು, ರುಚಿಗೇನೂ ಮೋಸವಿಲ್ಲ. ಆದರೆ ಅದು ಕಡುಬಾಯಿತು. ಮಕ್ಕಳು ಕಿತ್ತಾಡುವ ಅಂಚಿನ ಕೆಂಪು ಹಕ್ಕಳೆ ಅದರಲ್ಲಿ ಸಿಗದು.

ಬಿಸಿಯಲ್ಲೇ ಕೊಯ್ದರೆ ಪುಡಿಯಾಗುತ್ತದೆ. ಪೂರ್ತಿ ಆರಲಿ. ತೇವ ಹೆಚ್ಚಿರುವುದರಿಂದ ಮಳೆಗಾಲದಲ್ಲಿ ಹೊರಗಿಟ್ಟರೆ ಮರುದಿನಕ್ಕೇ ಹಳಸೀತು, ಫ್ರಿಜ್ಜಿನಲ್ಲಿಡಿ. ತಿನ್ನುವ ಮುಂಚೆ ಕಾವಲಿಗೆ ತುಪ್ಪ ಬಿಟ್ಟು ಹೋಳುಗಳ ಎರಡೂ ಬದಿ ಕೆಂಪಗೆ ಮಾಡಿಕೊಳ್ಳಿ.