ಜ್ಯೂಸ್ ಸೋಡಾ ಕ್ಯಾನಿನ ವಿನ್ಯಾಸ: ಸುತ್ತಿ ನೋಡಿ, ಆಮೇಲೆ ಒಪ್ಪಿ

ಜ್ಯೂಸ್ ಸೋಡಾ ಕ್ಯಾನಿನ ವಿನ್ಯಾಸವನ್ನು ಕಂಪ್ಯೂಟರ್ ಪರದೆಯಲ್ಲಿ ನೋಡಿ ಒಪ್ಪಿಕೊಳ್ಳುವ ಮೊದಲು, ಅದನ್ನು ನಿಜ ಅಳತೆಯಲ್ಲೇ ಕಾಗದದ ಮೇಲೆ ಮುದ್ರಿಸಿ, ಖಾಲಿ ಕ್ಯಾನಿಗೆ ಸುತ್ತಿ, ಅಂಗಡಿಯ ಫ್ರಿಜ್ಜಿನ ಮುಂದೆ ಗ್ರಾಹಕರು ನಿಲ್ಲುವಷ್ಟು ದೂರದಿಂದ ನೋಡಿ. 66 ಮಿ.ಮೀ. ವ್ಯಾಸದ ಸಾಮಾನ್ಯ 330 ಮಿ.ಲೀ. ಕ್ಯಾನಿನ ಸುತ್ತಳತೆ ಸುಮಾರು 207 ಮಿ.ಮೀ. ಇದ್ದರೂ, ಅಂಚಿನತ್ತ ಬಾಗಿದ ಭಾಗ ಕುಗ್ಗಿ ಕಾಣುವುದರಿಂದ ಸಲೀಸಾಗಿ ಓದಲು ಸಿಗುವುದು ನಡುವಿನ 70 ಮಿ.ಮೀ. ಆಸುಪಾಸು ಮಾತ್ರ, ಹೆಸರು, ಹಣ್ಣಿನ ಚಿತ್ರ, ಸಸ್ಯಾಹಾರದ ಹಸಿರು ಚಿಹ್ನೆ ಮೂರೂ ಅಷ್ಟರೊಳಗೇ ಹಿಡಿಸಬೇಕು. ತೆಳು ಕ್ಯಾನಿನಲ್ಲಿ ಜಾಗ ಇನ್ನೂ ಕಿರಿದು, ಅಲ್ಲಿ ಉದ್ದ ಹೆಸರನ್ನು ಎರಡು ಸಾಲಾಗಿ ಒಡೆಯುವುದೇ ಲೇಸು. ಆದರೆ ಬಣ್ಣದ ವಿಷಯದಲ್ಲಿ ಈ ಪರೀಕ್ಷೆಯನ್ನು ದಯವಿಟ್ಟು ನಂಬಬೇಡಿ: ಅಲ್ಯೂಮಿನಿಯಂ ಮೇಲೆ ಅಚ್ಚಾಗುವ ಶಾಯಿ ಬಹುಮಟ್ಟಿಗೆ ಪಾರದರ್ಶಕವಾದ್ದರಿಂದ, ಅಡಿಯಲ್ಲಿ ಬಿಳಿ ಲೇಪನವಿಲ್ಲದಿದ್ದರೆ ಕಾಗದದಲ್ಲಿ ಕಳೆಕಳೆಯಾಗಿದ್ದ ಮಾವಿನ ಹಳದಿ ಲೋಹದ ಮೇಲೆ ಕಂದಿದಂತೆ ಕಾಣುತ್ತದೆ.